ಎರಡು ವಲಯಗಳ ಹಿಂದಿನ ಸಾಲು

ನಾಗವೇಣಿ ತನ್ನ ಗುರುಗಳನ್ನು ಕೇಳಿದಳು:

"ಮೇಷ್ಟ್ರೇ, ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ರಕ್ಷಣಾ ಆಟಗಾರ್ತಿಯರನ್ನು ನಾನು ಆರಿಸಬೇಕು. ಕಾಲೇಜುಗಳ ಎರಡು ವಲಯಗಳಿವೆ. ಕಡಿಮೆ ಗೋಲು ಬಿಟ್ಟುಕೊಟ್ಟ ವಲಯದ ರಕ್ಷಣೆಯೇ ಬಲವಾದದ್ದಲ್ಲವೇ?"

ದೇವೇಂದ್ರಪ್ಪ ಮೇಷ್ಟ್ರು ಹೇಳಿದರು:

ಹಿಂದೆ ಒಬ್ಬ ತರಬೇತುದಾರನಿದ್ದ. ಅವನ ಎದುರಿಗೂ ಎರಡು ವಲಯಗಳಿದ್ದವು. ಪೂರ್ವದ ಒಳ್ಳೆಯ ತಂಡ ಇಡೀ ಋತುವಿನಲ್ಲಿ ಬಿಟ್ಟದ್ದು ನಾಲ್ಕೇ ಗೋಲು. ಪಶ್ಚಿಮದ ಒಳ್ಳೆಯ ತಂಡವೂ ಹದಿನೈದು ಬಿಟ್ಟಿತ್ತು. ಅವನು ಹೆಚ್ಚು ಯೋಚಿಸಲಿಲ್ಲ. ರಕ್ಷಣೆಗೆ ನಿಲ್ಲುವ ಹಿಂದಿನ ಸಾಲಿಗೆ ನಾಲ್ವರನ್ನೂ ಪೂರ್ವದಿಂದಲೇ ತೆಗೆದುಕೊಂಡ. ಪಶ್ಚಿಮದ ನೀಲವ್ವ ಎಂಬ ಹುಡುಗಿಯನ್ನು ಬದಲಿಯಾಗಿ ಹೊರಗೆ ಕೂರಿಸಿದ. ಅವಳ ತಂಡ ಇಪ್ಪತ್ತೆರಡು ಗೋಲು ಬಿಟ್ಟಿತ್ತು.

ಗೋಲು ಹಾಕುವವರನ್ನು ಮಾತ್ರ ಪಶ್ಚಿಮದಿಂದ ಆರಿಸಿದ್ದ; ಹೆಚ್ಚು ಗೋಲು ಹಾಕಿದವರು ಅಲ್ಲಿಯವರೇ. ಮೊದಲ ದಿನ ಅವರನ್ನು ಈ ನಾಲ್ವರ ಎದುರು ಆಡಿಸಿದ. ಅರ್ಧ ಗಂಟೆಯಲ್ಲಿ ನಾಲ್ಕು ಗೋಲು ಬಿದ್ದವು. ನಾಲ್ವರಲ್ಲಿ ಹಿರಿಯಳಾದ ಸುಮಿತ್ರಾ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದಳು.

"ನಾವು ಇಷ್ಟು ದಿನ ಆಡಿದ್ದೆಲ್ಲ ಸುಳ್ಳಾ ಸಾರ್?"

ತರಬೇತುದಾರ ನೀಲವ್ವನ ಕಡೆಗೆ ತಿರುಗಿದ. ಒಂದು ಸಂಗತಿ ಅವನ ಗಮನಕ್ಕೆ ಬಂದಿತ್ತು. ಪ್ರತಿ ಸಲವೂ ಒದೆಯುವ ಮೊದಲೇ ನೀಲವ್ವ ಹೊರಗಿನಿಂದ "ಎಡಕ್ಕೆ", "ಬಲಕ್ಕೆ" ಎಂದು ಕೂಗುತ್ತಿದ್ದಳು. ಅವಳು ಹೇಳಿದ ಕಡೆಗೇ ಚೆಂಡು ಹೋಗುತ್ತಿತ್ತು.

"ನಿನಗೆ ಹೇಗೆ ತಿಳೀತದೆ?" ಎಂದು ಕೇಳಿದ.

"ಇವರು ನಮ್ಮ ಮೇಲೆ ಎಷ್ಟು ಗೋಲು ಹಾಕಿದಾರೆ ಸಾರ್! ಒಂದೊಂದೂ ನೆನಪದೆ."

ಅವಳನ್ನು ಒಳಗೆ ಕಳಿಸಿದ. ಆಗಲೂ ಒಂದು ಗೋಲು ಬಿತ್ತು. ನೀಲವ್ವ ಎಲ್ಲ ಚೆಂಡಿನ ಹಿಂದೆಯೂ ತಾನೇ ಓಡುತ್ತಿದ್ದಳು. ತನ್ನ ಜಾಗವನ್ನು ಇನ್ನೊಬ್ಬಳು ಕಾಯಬಹುದು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಪೂರ್ವದವರು ಬಲ್ಲದ್ದು ಅದನ್ನೇ. ಸುಮಿತ್ರಾ ದಾರ ಕಟ್ಟಿಕೊಂಡು ಎದ್ದು ಬಂದಳು.

"ಚೆಂಡು ಎಲ್ಲಿ ಬರ್ತದೆ ಅಂತ ನೀನು ಹೇಳು. ನೀನು ಮುಂದೆ ಹೋದಾಗ ಹಿಂದೆ ನಾನಿರ್ತೀನಿ."

ಆಮೇಲೆ ಆ ದಿನ ಗೋಲು ಬೀಳಲಿಲ್ಲ.

ಇಪ್ಪತ್ತು ದಿನ ಹಾಗೆಯೇ ಅಭ್ಯಾಸ ನಡೆಯಿತು. ಅದುವರೆಗೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಮೊದಲ ಸುತ್ತನ್ನೇ ದಾಟದಿದ್ದ ತಂಡ ಆ ವರ್ಷ ಸೆಮಿಫೈನಲ್ ತಲುಪಿತು. ಅಲ್ಲಿ ಒಂದೇ ಗೋಲಿನಿಂದ ಸೋತಿತು. ಆದರೂ ಹುಡುಗಿಯರು ಬಸ್ಸಿನ ತುಂಬ ಹಾಡುತ್ತ ಊರಿಗೆ ಬಂದರು.

ಮೇಷ್ಟ್ರು ಕತೆ ನಿಲ್ಲಿಸಿದರು. ನಾಗವೇಣಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ನಿಜವಾಗಿ ಬಲವಾದ ರಕ್ಷಣೆ ಯಾವ ವಲಯದ್ದು ಮೇಷ್ಟ್ರೇ?"

"ಎಷ್ಟು ಗೋಲು ಬಿಟ್ಟರೆಂದು ನೋಡಿದ್ದೀಯಮ್ಮ, ಯಾರ ಎದುರು ನಿಂತು ಬಿಟ್ಟರೆಂದು ನೋಡಿದ್ದೀಯಾ?"

ನಾಗವೇಣಿ ಎರಡೂ ವಲಯಗಳ ಪಟ್ಟಿ ತೆಗೆದು, ಈ ಸಲ ಗೋಲು ಹಾಕಿದವರ ಹೆಸರುಗಳನ್ನು ಹುಡುಕತೊಡಗಿದಳು.