ಸೋಸಿದ ವರದಿ

ಕಾಡಿನ ದಾರಿಯಲ್ಲಿ ಕರಡಿಯೊಂದು ಜೇನಿನ ಅಂಗಡಿ ತೆರೆದಿತ್ತು. ಗಿರಾಕಿಗಳು ಏನನ್ನುತ್ತಾರೆಂದು ಸಂಜೆ ಸಂಜೆ ವರದಿ ಹೇಳಲು ಒಂದು ಗೊರವಂಕವನ್ನು ಇಟ್ಟುಕೊಂಡಿತು.

ಮೊದಲ ಸಂಜೆ ಗೊರವಂಕ ಹೇಳಿತು: "ಮೊಲ ಹೊಗಳಿತು. ಮುಂಗುಸಿ ಗೊಣಗಿತು. ಜಿಂಕೆ ಮೂಸಿ ನೋಡಿ ಹಾಗೇ ಹೋಯಿತು."

ಕರಡಿಗೆ ಕಿರಿಕಿರಿಯಾಯಿತು. "ಕೊಳ್ಳದವರು ಗಿರಾಕಿಗಳೇ ಅಲ್ಲ, ಅವರನ್ನು ಬಿಡು. ಕೊಂಡವರಲ್ಲಿ ಗೊಣಗುವವರನ್ನೂ ಬಿಡು. ಉಳಿದದ್ದನ್ನು ಸೋಸಿ ಹೇಳು."

"ಅಪ್ಪಣೆ, ಒಡೆಯ."

ಅಂದಿನಿಂದ ವರದಿಯೆಲ್ಲ ಸವಿಯೇ. ಕರಡಿ ಕೇಳಿ ಹಿಗ್ಗಿ ನೆಮ್ಮದಿಯಾಗಿ ಮಲಗುತ್ತಿತ್ತು. ವರದಿ ದಿನೇದಿನೇ ಚಿಕ್ಕದಾದದ್ದು ಅದರ ಗಮನಕ್ಕೆ ಬರಲಿಲ್ಲ. ಒಂದು ಸಂಜೆ ಗೊರವಂಕ ಸುಮ್ಮನೆ ಕುಳಿತಿತು.

"ಯಾಕೆ, ಇವತ್ತು ಯಾರೂ ಬರಲಿಲ್ಲವೇ?"

"ಬಂದಿದ್ದರು. ಎಲ್ಲರೂ ಬಾಗಿಲಿಂದಲೇ ಹಿಂದಿರುಗಿದರು. ಅಂಥವರ ಮಾತು ಬೇಡವೆಂದು ತಾವೇ ಅಂದಿದ್ದಿರಿ."

ಕರಡಿ ತಟ್ಟನೆ ಎದ್ದು ನಿಂತಿತು. "ಏನಂದರು, ಹೇಳು!"

"ಜೇನಿಗೆ ನೀರು ಸೇರಿ ಹುಳಿಯಾಗಿದೆಯಂತೆ. ಮೊದಲು ಕೆಟ್ಟದ್ದು ಒಂದೇ ಮಡಕೆ, ಅಂದು ಮುಂಗುಸಿ ಗೊಣಗಿದ್ದು ಅದಕ್ಕೇ."

ಕರಡಿ ಮಡಕೆಗಳಿಗೆಲ್ಲ ಪಂಜ ಅದ್ದಿ ನೆಕ್ಕಿತು. ಒಂದೂ ಕೆಡದೆ ಉಳಿದಿರಲಿಲ್ಲ. ಎಲ್ಲವನ್ನೂ ಹೊರಗೆ ಚೆಲ್ಲಿ, ನಾಚಿಕೆ ಬಿಟ್ಟು ಗಿರಾಕಿಗಳ ಮನೆಮನೆಗೆ ಹೋಯಿತು. "ನನ್ನ ಅಂಗಡಿಯಲ್ಲಿ ಇನ್ನೇನು ತಪ್ಪಿದೆ, ದಯವಿಟ್ಟು ಹೇಳಿ" ಎಂದು ಬೇಡಿತು. ಯಾರೂ ಬಾಯಿ ಬಿಡಲಿಲ್ಲ.

ಕೆರೆಯಂಚಿನ ಮುದಿ ಆಮೆಯೊಂದು ಮಾತ್ರ, "ಕೇಳುತ್ತೀಯೆಂದು ತಿಳಿದಿದ್ದಾಗ ಹೇಳಿದ್ದೆವಪ್ಪ" ಎಂದು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.