ನೀಲಗಂಗವ್ವನ ಶಿವದಾರ

ಹತ್ತಿಹಾಳದ ಪರ್ವತಯ್ಯಜ್ಜನವರಿಗೆ ಮಠವೆಂದರೆ ಒಂದು ಮಣ್ಣಿನ ಮನೆ, ಮುಂದೊಂದು ಜೋಳದ ದಂಟಿನ ಚಪ್ಪರ. ಪೂಜ್ಯರು ಆ ಚಪ್ಪರದ ಕೆಳಗೆ ತಕಲಿ ತಿರುಗಿಸಿ ನೂಲು ತೆಗೆಯುತ್ತಲೇ ಭಕ್ತರ ಅಹವಾಲು ಕೇಳುತ್ತಿದ್ದರು. ವಿಭೂತಿ ಬೇಡಿ ಬಂದವರ ಕೈಗೂ ಒಮ್ಮೊಮ್ಮೆ ನೂಲಲು ಅರಳೆಯ ಹಂಜಿ ಕೊಟ್ಟು ಕೂರಿಸಿಬಿಡುತ್ತಿದ್ದರು. ನಮ್ಮ ಜನಕ್ಕೆ ಪವಾಡ ಬೇಕು, ಕೆಲಸ ಬೇಡ ಎಂದು ಗೊಣಗುತ್ತಲೇ ನೂಲುತ್ತಿದ್ದರು.

ಒಂದು ಮಧ್ಯಾಹ್ನ ನೀಲಗಂಗವ್ವನೆಂಬ ತಾಯಿ ಅಲ್ಲಿಗೆ ಬಂದಳು. ಕೂತಳು, ಎದ್ದಳು, ಬಂದ ದಾರಿಯತ್ತ ತಿರುಗಿ ನೋಡಿದಳು, ಮತ್ತೆ ಕೂತಳು. ಜೀವವೆಲ್ಲ ಮನೆಯಲ್ಲಿತ್ತು. ಸೊಸೆ ಈರವ್ವನಿಗೆ ದಿನ ತುಂಬುತ್ತಿದ್ದವು. ಹಿಂದಿನ ಎರಡು ಕೂಸುಗಳೂ ಕೈಗೆ ಹತ್ತಿರಲಿಲ್ಲ. ಇದಾದರೂ ಉಳಿಯಲೆಂದು ನೀಲಗಂಗವ್ವ ಹರಕೆ ಹೊತ್ತಿದ್ದಳು: ಕೂಸಿನ ಕೊರಳಿಗೆ ಲಿಂಗ ಕಟ್ಟುವ ಶಿವದಾರವನ್ನು ತಾನೇ ಮನೆಯಲ್ಲಿ ನೂಲಬೇಕು, ನಡುವೆ ಎಲ್ಲೂ ಹರಿಯದ ಒಂದೇ ಎಳೆಯಲ್ಲಿ.

ಹರಕೆ ಹೊರುವುದು ಸುಲಭ. ರಾಟಿ ಕೊಳ್ಳುವ ಶಕ್ತಿ ಆ ಮನೆಗೆಲ್ಲಿತ್ತು? ಒಡೆದ ಗಡಿಗೆಯ ಚೂರನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ, ತೂತು ಕೊರೆದು, ಬಿದಿರು ಕಡ್ಡಿ ಸಿಕ್ಕಿಸಿ ತಕಲಿ ಮಾಡಿಕೊಂಡಳು. ಹತ್ತಿ ಬಿಡಿಸಿದ ಹೊಲದಲ್ಲಿ ಗಿಡಕ್ಕೆ ಅಂಟಿ ಉಳಿದದ್ದನ್ನು ಆಯ್ದು ತಂದು ಕೈಯಿಂದಲೇ ಬೀಜ ತೆಗೆದಳು. ತಕಲಿಯೇನೋ ಬುಗುರಿಯ ಹಾಗೆ ತಿರುಗಿತು. ಎಳೆ ಮಾತ್ರ ಮೊಳದುದ್ದ ಬರುವುದರೊಳಗೆ ಪಟ್ಟನೆ ಹರಿಯುತ್ತಿತ್ತು. ಹರಿದದ್ದನ್ನು ಒಲೆಗೆ ಹಾಕುವಳು, ಮತ್ತೆ ಮೊದಲಿನಿಂದ ಶುರು ಮಾಡುವಳು. ಪ್ರತಿ ಸಲವೂ “ಅಯ್ಯೋ ಶಿವನ, ಮತ್ತ ಹರೀತು” ಎಂದು ಹಣೆ ಬಡಿದುಕೊಳ್ಳುವಳು.

“ಅಜ್ಜಾರ, ನೂಲು ನಿಲ್ಲವಲ್ದು. ಕೂಸೂ ಹಿಂಗ...” ಎಂದವಳಿಗೆ ಅಳು ಬರುವಲ್ಲಿ ಸಿಟ್ಟು ಬಂತು. “ಬಡವರ ಕೈನೂಲು ನಿಮ್ಮ ದೇವರಿಗೆ ಬ್ಯಾಡೇನು?”

ಪೂಜ್ಯರು ತಕಲಿ ನಿಲ್ಲಿಸಿದರು. “ನೂಲು ಹರಿದಾಗ ಸೊಸಿ ಎಲ್ಲಿರ್ತಾಳ, ತಾಯಿ?”

“ಅಲ್ಲೇ ಗ್ವಾಡಿಗೆ ಆತು ಕುಂತಿರ್ತಾಳ್ರಿ.”

“ಉಣ್ತಾಳೇನು?”

ನೂಲು ಹರಿದಾಗಲೆಲ್ಲ ಈರವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು, ತಾಟು ಅತ್ತ ಸರಿಸುತ್ತಿದ್ದಳು. ಬಸುರಿಯ ಸಂಕಟವೆಂದು ತಾನು ಸುಮ್ಮನಿದ್ದದ್ದು, ಅದು ಕೂಸಿನ ಅಂಜಿಕೆಯೆಂದು ನೀಲಗಂಗವ್ವನಿಗೆ ಈಗ ಹೊಳೆಯಿತು.

ಆಗ ಪೂಜ್ಯರು ತಮ್ಮ ಕೈಯಲ್ಲಿದ್ದ ಎಳೆಯನ್ನು ತಾವೇ ಹರಿದರು. ನೀಲಗಂಗವ್ವ ಬೆಚ್ಚಿಬಿದ್ದಳು.

“ಹತ್ತಸು” ಎಂದು ತಕಲಿ, ಹಂಜಿ ಎರಡನ್ನೂ ಅವಳ ಕೈಗೇ ಕೊಟ್ಟರು. ಅವಳು ಅವಸರದಲ್ಲಿ ಗಂಟು ಹಾಕಹೋದಳು.

“ಗಂಟು ಬ್ಯಾಡ. ತುದಿ ಬಿಚ್ಚು. ಬಿಗಿದ ನೂಲಿಗೆ ಅರಳಿ ಹತ್ತೂದಿಲ್ಲ.”

ಅವಳು ತುದಿಯ ಹುರಿ ಬಿಚ್ಚಿದಳು. ಅದು ಮತ್ತೆ ಅರಳೆಯಾಯಿತು. ಅದರ ಮೇಲೆ ಹಂಜಿಯ ಎಳೆ ಇಟ್ಟು ತಕಲಿ ತಿರುಗಿಸಿದಳು, ನೂಲು ಹರಿಯದೆ ನಿಂತಿತು. ಪೂಜ್ಯರು ತಮ್ಮ ಕೊರಳ ಶಿವದಾರವನ್ನು ಮುಂದೆ ಹಿಡಿದು, “ಕೂಡಿಸಿದ್ದು ಎಲ್ಲೈತಿ ಹುಡುಕು” ಎಂದರು. ಎಷ್ಟು ನೋಡಿದರೂ ಅವಳಿಗೆ ಕಾಣಲಿಲ್ಲ.

“ಇಡೀ ದಾರ ಹರಿದು ಹರಿದು ಕೂಡಿಸಿದ್ದೈತಿ, ತಾಯಿ.”

“ಹಂಗಾರ ನನ್ನ ಹರಕಿ?”

“ನೂಲತೀನಿ ಅಂದಿ, ನೂಲು. ಹರೀಬಾರದು ಅಂತ ದೇವರಿಗೆ ಕರಾರು ಹಾಕಾಕ ನೀ ಯಾರು?”

ಮುಂದೆ ಈರವ್ವನಿಗೆ ಹೆಣ್ಣುಕೂಸು ಹುಟ್ಟಿತು. ನೀಲಗಂಗವ್ವ ಹಾಗೆ ಕೂಡಿಸಿ ಕೂಡಿಸಿ ನೂತ ದಾರದಿಂದಲೇ ಪೂಜ್ಯರು ತಮ್ಮ ಅಮೃತಹಸ್ತದಿಂದ ಲಿಂಗ ಕಟ್ಟಿದರು. ಅದೇ ಪವಾಡವೆಂದು ಊರವರು ಹೇಳಿದರೆ ನೀಲಗಂಗವ್ವ ಒಪ್ಪುತ್ತಿರಲಿಲ್ಲ. ಪವಾಡ ಆದದ್ದು ತಾನು ಮಠದಿಂದ ಮನೆಗೆ ಬಂದ ಸಂಜೆ ಎನ್ನುತ್ತಿದ್ದಳು. ಅಂದು ಅವಳು ಸೊಸೆಯ ಮಗ್ಗುಲಲ್ಲೇ ಕೂತು ನೂಲತೊಡಗಿದಳು. ಎಳೆ ಹರಿಯಿತು. ಈರವ್ವನ ಕೈ ಎಂದಿನಂತೆ ಹೊಟ್ಟೆಗೆ ಹೋಯಿತು.

“ಹರೀತು. ಬಾ ಮಗಳ, ನೀ ಹತ್ತಸು” ಎಂದು ನೀಲಗಂಗವ್ವ ನಕ್ಕಳು.

ಈರವ್ವ ಅತ್ತೆಯ ಮುಖ ನೋಡಿದಳು. ತುದಿ ಬಿಚ್ಚುವುದನ್ನು ಕೇಳಿ ಕಲಿತು, ಹತ್ತಿಸಿದಳು. ನೂಲು ನಿಂತಿತು. ಇನ್ನಷ್ಟು ಉದ್ದ ಬಂದ ಮೇಲೆ, ತಲೆ ಎತ್ತದೆಯೇ ಕೇಳಿದಳು:

“ಅತ್ತಿ, ರೊಟ್ಟಿ ಅದಾವೇನ್ರಿ?”