ದೃಷ್ಟಿಬೊಂಬೆ ಕಟ್ಟಿದ ಕಟ್ಟಡ

ಒಂದು ಸಂಜೆ ಶಿಷ್ಯ ಚಿದಂಬರ ಬಂದು ಗುರುಗಳನ್ನು ಕೇಳಿದ: “ಗುರುಗಳೇ, ನೀವು ಹೇಳಿದಂತೆಯೇ ದಿನವೂ ಸಂಜೆ ನನ್ನ ಮನೆಯಲ್ಲಿ ಗಮಕ ಪಾಠ ಇಟ್ಟುಕೊಂಡಿದ್ದೇನೆ. ಪಕ್ಕದ ಬೀದಿಗೆ ಒಬ್ಬ ಹೊಸ ಗಮಕಿ ಬಂದ. ಕಲಿಯುವವರೆಲ್ಲ ಅತ್ತ ಹೋದರು, ನನಗೆ ಉಳಿದವರು ಇಬ್ಬರೇ. ನಿನ್ನೆ ಸಂಜೆ ಹೋಗಿ ನೋಡಿದೆ. ಅವನ ಬಾಗಿಲಲ್ಲಿ ಹದಿನೆಂಟು ಜೊತೆ ಚಪ್ಪಲಿ. ಹೊಟ್ಟೆ ಉರಿಯಿತು. ಅವನಲ್ಲಿ ಇರುವುದು ನನ್ನಲ್ಲಿ ಏನಿಲ್ಲ?”

“ಎಣಿಸಿಕೊಂಡೂ ಬಂದೆಯಾ? ಹಾಗಾದರೆ ಕೇಳು” ಎಂದು ಗುರುಗಳು ನಕ್ಕರು.

ಒಂದು ಊರಿನಲ್ಲಿ ಹಳೆಯ ಪೇಟೆಯಿತ್ತು. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಚರಂಡಿಯ ನಾತ ಬೇರೆ. ಇದನ್ನು ನೋಡಿ ಒಬ್ಬ ಸಾಹುಕಾರ ಊರ ಹೊರಗೆ, ಹೆದ್ದಾರಿಯ ಬದಿಗೆ ನಾಲ್ಕು ಅಂತಸ್ತಿನ ಕಟ್ಟಡ ಕಟ್ಟಿಸಿದ. ಆಫೀಸುಗಳಿಗೆ ಬಾಡಿಗೆಗೆ ಕೊಟ್ಟ. ವಕೀಲರು, ವಿಮೆಯವರು, ಗುತ್ತಿಗೆದಾರರು ಪೇಟೆ ಬಿಟ್ಟು ಬಂದರು. ಪೇಟೆ ಬಣಗುಟ್ಟಿತು. ಸಾಹುಕಾರನಿಗೆ ಅದೂ ಒಂದು ಸುಖವಾಗಿತ್ತು.

ಹತ್ತು ವರ್ಷವಾದ ಮೇಲೆ ಪೇಟೆಯವರು ಎಚ್ಚೆತ್ತರು. ಚರಂಡಿ ಮುಚ್ಚಿಸಿದರು, ದೀಪ ಹಾಕಿಸಿದರು, ಹಳೆಯ ಮಂಡಿಗಳನ್ನು ದುರಸ್ತಿ ಮಾಡಿ ಆಫೀಸು ಮಾಡಿದರು. ಮೆಟ್ಟಿಲಿಳಿದರೆ ಕಾಫಿ ಸಿಗುತ್ತದೆ, ಮಾತಿಗೆ ನಾಲ್ಕು ಜನ ಸಿಗುತ್ತಾರೆ. ಕರಾರು ಮುಗಿದವರು ಒಬ್ಬೊಬ್ಬರಾಗಿ ಪೇಟೆಗೆ ಮರಳಿದರು. ಸಾಹುಕಾರ ‘ಬಾಡಿಗೆಗೆ ಇದೆ’ ಎಂದು ಬೋರ್ಡು ಹಾಕಿದ. ಕೇಳಲು ಯಾರೂ ಬರಲಿಲ್ಲ.

ಪೇಟೆಯವರ ಕಣ್ಣು ಬಿದ್ದಿದೆ ಎಂದು ಅವನು ತೀರ್ಮಾನಿಸಿದ. ಬಾಗಿಲಿಗೆ ಆಳೆತ್ತರದ ದೃಷ್ಟಿಬೊಂಬೆ ಕಟ್ಟಿಸಿದ, ಅಮಾವಾಸ್ಯೆಗೊಂದು ಬೂದುಗುಂಬಳ ಒಡೆಸಿದ. ಯಾರ ಕಣ್ಣು ಯಾರ ಮೇಲಿತ್ತೋ, ಆ ಮಂಕು ಮನುಷ್ಯನಿಗೆ ಹೊಳೆಯಲಿಲ್ಲ. ಬೊಂಬೆಯನ್ನು ಕಾವಲಿಗೆ ಬಿಟ್ಟು, ತಾನು ಬೆಳಗಾದರೆ ಪೇಟೆಗೆ ಹೋಗಿ ಕಾಫಿ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂರುವನು. ಯಾರ ಬೋರ್ಡು ಹೊಸದು, ಯಾರ ಮೆಟ್ಟಿಲಲ್ಲಿ ಜನ ಹೆಚ್ಚು ಎಂದು ನೋಡಿ ನೋಡಿ ಕರುಬುವನು. ಮನೆಗೆ ಬಂದರೆ ಅನ್ನ ಸೇರುತ್ತಿರಲಿಲ್ಲ.

ಅವನ ಕಟ್ಟಡದಲ್ಲಿ ಒಬ್ಬ ಮಾತ್ರ ಉಳಿದಿದ್ದ. ಮನೆಗಳ ನಕ್ಷೆ ಬರೆಯುವವನು. ಅವನಿಗೆ ಗದ್ದಲ ಆಗದು, ಊರ ಹೊರಗಿನ ಗಾಳಿ ಬೆಳಕು ಇಷ್ಟ. ಆದರೆ ಮೇಲಿನ ತಾರಸಿ ಸೋರಿ ನಕ್ಷೆಗಳು ನೆನೆಯುತ್ತಿದ್ದವು. ಹೇಳೋಣವೆಂದು ಮೂರು ಸಲ ಕೆಳಗಿಳಿದು ಬಂದ. ಮೂರು ಸಲವೂ ಸಾಹುಕಾರನ ಕೋಣೆಗೆ ಬೀಗ. ನಾಲ್ಕನೆಯ ಸಲ ಪೇಟೆಗೇ ಹೋಗಿ, ಕಟ್ಟೆಯ ಮೇಲಿದ್ದ ಸಾಹುಕಾರನಿಗೆ ತನ್ನ ಕೋಣೆಯ ಬೀಗದ ಕೈ ಒಪ್ಪಿಸಿದ.

“ನಿಂಗೂ ಪೇಟೆ ಹುಚ್ಚು ಹಿಡೀತೇನಯ್ಯಾ?” ಎಂದ ಸಾಹುಕಾರ.

“ಇಲ್ಲ ಸಾಹುಕಾರ್ರೇ, ನಂಗೆ ಅಲ್ಲೇ ಚೆನ್ನಾಗಿತ್ತು. ತಾರಸಿ ಸೋರ್ತಾ ಇದೆ ಅಂತ ಹೇಳೋಕೆ ಮೂರು ಸಲ ಬಂದೆ, ನೀವಿರ್ಲಿಲ್ಲ. ನೀವು ಸಿಗೋದು ಇಲ್ಲೇ ತಾನೆ? ಅದಕ್ಕೆ ನಾನೂ ಇಲ್ಲೇ ಒಂದು ಕೋಣೆ ಹಿಡಿದೆ.”

ಕತೆ ಅಲ್ಲಿಗೆ ಮುಗಿಯಿತು. ಚಿದಂಬರನಿಗೆ ಸಾಹುಕಾರನ ಮೇಲೆ ಸಿಟ್ಟೇ ಬಂತು. “ಎಂಥ ದಡ್ಡ ಅವನು, ಗುರುಗಳೇ! ಬಿಟ್ಟು ಹೋದವರನ್ನು ನೋಡುತ್ತ ಕೂತು, ಇದ್ದ ಒಬ್ಬನನ್ನೂ ಕಳೆದುಕೊಂಡ” ಎಂದ.

ಗುರುಗಳು ಹೊರಗೆ ಇಳಿಯುತ್ತಿದ್ದ ಬಿಸಿಲನ್ನು ನೋಡಿದರು. ಆಮೇಲೆ ಕೇಳಿದರು:

“ಇದು ನಿನ್ನ ಪಾಠದ ಹೊತ್ತಲ್ಲವೇ, ಈಗ ನಿನ್ನ ಬಾಗಿಲಲ್ಲಿ ಯಾರ ಚಪ್ಪಲಿಗಳಿವೆ?”